ಆತಂಕಕ್ಕೆ ಥೆರಪಿಸ್ಟ್ ನೆರವು ಪಡೆಯುವುದು ಹೇಗೆ: ಮೊದಲ ಅನುಮಾನದಿಂದ ಕೊನೆಯ ಸೆಷನ್‌ವರೆಗೆ

ಥೆರಪಿಸ್ಟ್ ಬಳಿ ಹೋಗಬೇಕು ಎಂದು ತಿಂಗಳುಗಟ್ಟಲೆ ಅಂದುಕೊಂಡು, ಫೋನ್ ಕೈಗೆತ್ತಿಕೊಂಡು, ನಂಬರ್ ಒತ್ತದೆ ಕೆಳಗಿಡುವವರು ಬಹಳ ಮಂದಿ. ಹೇಗೋ ಹೋದವರಲ್ಲೂ ಅನೇಕರು ಮೊದಲ ದಿನ "ಸ್ವಲ್ಪ ಟೆನ್ಷನ್, ಅಷ್ಟೇ" ಎಂದು ಹೇಳಿ, ಹೇಳಬೇಕಾದದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ವಾಪಸ್ ಬರುತ್ತಾರೆ. ಇನ್ನು ಕೆಲವರು ಮೂರನೇ ಸಲಕ್ಕೆ "ಇದರಿಂದ ಏನೂ ಆಗಲಿಲ್ಲ" ಎಂದು ಕೈಬಿಡುತ್ತಾರೆ. ಎಡವುವ ಜಾಗಗಳು ಹೆಚ್ಚುಕಡಿಮೆ ಇವೇ ಮೂರು.

ಇದಕ್ಕೆ ಸೋಮಾರಿತನ ಕಾರಣವಲ್ಲ. ಕಾಲು ಮುರಿದವರಿಗೆ ಆಸ್ಪತ್ರೆಗೆ ಹೋಗಲು ಆ ಮುರಿದ ಕಾಲೇ ಬೇಡ ಎನ್ನುವುದಿಲ್ಲ. ಆತಂಕದ ಕತೆ ಬೇರೆ. ಅಪರಿಚಿತರಿಗೆ ಫೋನ್ ಮಾಡುವುದು, ಕಾಯುವ ಕೋಣೆಯಲ್ಲಿ ಕೂರುವುದು, ತನ್ನ ಬಗ್ಗೆ ತಾನೇ ಮಾತಾಡುವುದು, ಹೀಗೆ ಚಿಕಿತ್ಸೆಯ ಪ್ರತಿ ಮೆಟ್ಟಿಲೂ ಆತಂಕವನ್ನೇ ಕೆರಳಿಸುತ್ತದೆ. ಹಾಗಾಗಿ "ಮನಸ್ಸು ಸ್ವಲ್ಪ ತಹಬಂದಿಗೆ ಬರಲಿ, ಆಮೇಲೆ ಹೋಗೋಣ" ಎನ್ನುವ ಲೆಕ್ಕ ಎಂದೂ ಕೂಡಿಬರುವುದಿಲ್ಲ. ಗಾಬರಿ ಇರುವಾಗಲೇ ಮಾಡಿ ಮುಗಿಸಬಹುದಾದಷ್ಟು ಚಿಕ್ಕ ತುಂಡುಗಳಾಗಿ ಕೆಲಸವನ್ನು ಇಲ್ಲಿ ಒಡೆದಿದ್ದೇನೆ. ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಒಂದು ಹಂತದಲ್ಲಿ ಬರೆದಿಟ್ಟದ್ದು ಮುಂದಿನ ಹಂತಕ್ಕೆ ಬೇಕಾಗುತ್ತದೆ.

ಮೊದಲು ಇದನ್ನು ನೋಡಿ: ಹಂತಗಳಿಗೆ ಕಾಯಬಾರದ ಸಂದರ್ಭಗಳು

ಸಾಯಬೇಕು ಎನ್ನುವ ಯೋಚನೆ ಬರುತ್ತಿದ್ದರೆ, ಅದರಲ್ಲೂ ಹೇಗೆ, ಯಾವಾಗ ಎನ್ನುವವರೆಗೆ ಯೋಚನೆ ಹೋಗಿದ್ದರೆ, ಈ ಲೇಖನ ಪಕ್ಕಕ್ಕಿಡಿ. ಇವತ್ತೇ, ಈಗಲೇ, ನಿಮ್ಮಲ್ಲಿನ ತುರ್ತು ಸಂಖ್ಯೆಗೆ ಅಥವಾ ಆತ್ಮಹತ್ಯೆ ತಡೆ ಸಹಾಯವಾಣಿಗೆ ಕರೆ ಮಾಡಿ. ಒಬ್ಬರೇ ಇರಬೇಡಿ, ನಂಬಿಕಸ್ಥರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮೊದಲ ಬಾರಿಗೆ ಎದೆನೋವು ಬಂದಿದ್ದರೆ, ನೋವು ತೋಳಿಗೋ ದವಡೆಗೋ ಹರಿಯುತ್ತಿದ್ದರೆ, ಪ್ರಜ್ಞೆ ತಪ್ಪಿದ್ದರೆ ಅದನ್ನು "ಬರೀ ಗಾಬರಿ" ಎಂದು ನೀವಾಗಿಯೇ ತೀರ್ಮಾನಿಸಬೇಡಿ. ನೇರ ಆಸ್ಪತ್ರೆಗೆ ಹೋಗಿ. ಗಾಬರಿಯೇ ಆಗಿದ್ದರೆ ಒಳ್ಳೆಯದೇ ಆಯಿತು, ಯಾರೂ ನಗುವುದಿಲ್ಲ.

ಯಾರೂ ಇಲ್ಲದಿದ್ದರೂ ದನಿ ಕೇಳಿಸುವುದು, ದಿನಗಟ್ಟಲೆ ನಿದ್ದೆ ಇಲ್ಲದಿದ್ದರೂ ದಣಿವೇ ಆಗದಿರುವುದು, ಇವು ಮನೋವೈದ್ಯರು ತಡಮಾಡದೆ ನೋಡಬೇಕಾದ ಲಕ್ಷಣಗಳು. ಪ್ರತಿದಿನ ಹೆಚ್ಚು ಮದ್ಯ ಕುಡಿಯುವವರು "ಥೆರಪಿಗೆ ಹೋಗುವ ಮುಂಚೆ ಬಿಟ್ಟುಬಿಡುತ್ತೇನೆ" ಎಂದು ಒಮ್ಮೆಗೇ ನಿಲ್ಲಿಸುವುದೂ ಅಪಾಯ. ಫಿಟ್ಸ್ ಬರಬಹುದು. ವೈದ್ಯರ ಕಣ್ಗಾವಲಿನಲ್ಲೇ ಬಿಡಬೇಕು.

ಕೈಯಲ್ಲಿರಬೇಕಾದವು

ಒಂದು ಚಿಕ್ಕ ನೋಟ್‌ಬುಕ್, ಪೆನ್ನು, ಕ್ಯಾಲೆಂಡರ್. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಪಟ್ಟಿ. ಅಂಗಡಿಯಿಂದ ನೀವೇ ತಂದ ಶೀತದ ಮಾತ್ರೆ, ಶಕ್ತಿವರ್ಧಕಗಳೂ ಸೇರಿರಲಿ. ಹಳೆಯ ರಕ್ತಪರೀಕ್ಷೆ ವರದಿಗಳಿದ್ದರೆ ಅವೂ ಇರಲಿ. ಫೋನಿನಲ್ಲಿ ಬರೆದುಕೊಳ್ಳುವುದಕ್ಕಿಂತ ಕಾಗದ ವಾಸಿ ಎನ್ನುವುದು ನನ್ನ ಅಭಿಪ್ರಾಯ. ಫೋನ್ ತೆರೆದವರು ಐದು ನಿಮಿಷದಲ್ಲಿ ರೋಗಲಕ್ಷಣ ಹುಡುಕುತ್ತಾ ಕೂತಿರುತ್ತಾರೆ.

ಹಂತ 1: ಮೈಯೊಳಗೆ ಏನಾಗುತ್ತಿದೆ ಎಂದು ತಿಳಿದುಕೊಳ್ಳಿ

ಅಪಾಯ ಕಂಡರೆ ಓಡಲು ಅಥವಾ ಎದುರಿಸಲು ಮೈ ಸಜ್ಜಾಗುತ್ತದೆ. ಮೆದುಳಿನ ಅಮಿಗ್ಡಲಾ ಎಂಬ ಭಾಗ ಎಚ್ಚರಿಕೆಯ ಗಂಟೆ ಬಾರಿಸುತ್ತದೆ, ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಸ್ನಾಯುಗಳಿಗೆ ರಕ್ತ ಸಾಗಿಸಲು ಎದೆ ಡವಡವ ಹೊಡೆದುಕೊಳ್ಳುತ್ತದೆ. ಮೈ ತಂಪಾಗಿಸಲು ಬೆವರು. ಜೀರ್ಣಕ್ರಿಯೆ ಆಗ ತುರ್ತಿನ ಕೆಲಸವಲ್ಲ, ಅದು ನಿಧಾನವಾಗುತ್ತದೆ. ಹೊಟ್ಟೆಯಲ್ಲಿ ತಳಮಳ ಏಳುವುದು ಅದಕ್ಕೇ. ಆತಂಕದ ಕಾಯಿಲೆಯಲ್ಲಿ ಈ ಗಂಟೆ ಕೆಟ್ಟಿರುವುದಿಲ್ಲ. ಒಗ್ಗರಣೆಯ ಹೊಗೆಗೂ ಮನೆಗೆ ಬೆಂಕಿ ಬಿದ್ದಂತೆ ಹೊಡೆದುಕೊಳ್ಳುತ್ತಿರುತ್ತದೆ, ಅಷ್ಟೇ.

"ಉಸಿರೇ ಸಾಲುತ್ತಿಲ್ಲ" ಎನ್ನಿಸುವುದರ ಹಿಂದೆ ಒಂದು ವಿಚಿತ್ರವಿದೆ. ಆ ಹೊತ್ತಿನಲ್ಲಿ ಹೆಚ್ಚಿನವರು ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡುತ್ತಿರುತ್ತಾರೆ. ಅದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ತಲೆ ಹಗುರವಾಗುವುದು, ಬೆರಳ ತುದಿ ಜುಮ್ಮೆನ್ನುವುದು, ಸುತ್ತಲಿನದೆಲ್ಲ ನಿಜವಲ್ಲವೇನೋ ಎನ್ನಿಸುವುದು, ಇವೆಲ್ಲ ಇದರ ಫಲ. ಪ್ಯಾನಿಕ್ ಅಟ್ಯಾಕ್, ಅಂದರೆ ಹಠಾತ್ತನೆ ಏರುವ ತೀವ್ರ ಗಾಬರಿ, ಸಾಮಾನ್ಯವಾಗಿ 10 ನಿಮಿಷದೊಳಗೆ ತುತ್ತತುದಿ ಮುಟ್ಟಿ ತಾನಾಗಿಯೇ ಇಳಿಯುತ್ತದೆ. ನೀವು ಏನೂ ಮಾಡದಿದ್ದರೂ ಇಳಿಯುತ್ತದೆ. ಈ ಮಾತು ಹಂತ 8ರಲ್ಲಿ ಮತ್ತೆ ಬೇಕಾಗುತ್ತದೆ.

ಹಾಗಾದರೆ ತಾನಾಗಿಯೇ ಇಳಿಯುವ ಗಾಬರಿ ವರ್ಷಗಟ್ಟಲೆ ಏಕೆ ಉಳಿಯುತ್ತದೆ? ತಪ್ಪಿಸಿಕೊಳ್ಳುವುದರಿಂದ. ಸಭೆಯಲ್ಲಿ ಮಾತಾಡಬೇಕಿದೆ, ಎದೆ ಹೊಡೆದುಕೊಳ್ಳುತ್ತದೆ, ಮೈ ಹುಷಾರಿಲ್ಲ ಎಂದು ಹೇಳಿ ಬಿಡುತ್ತೀರಿ. ತಕ್ಷಣ ನೆಮ್ಮದಿ. ಮೆದುಳು ಅದರಿಂದ ಕಲಿಯುವ ಪಾಠ ಒಂದೇ: "ಹೋಗದೇ ಇದ್ದುದರಿಂದ ಬದುಕಿಕೊಂಡೆವು." ಮುಂದಿನ ಸಭೆಗೆ ಗಂಟೆ ಇನ್ನೂ ಬೇಗ ಬಾರಿಸುತ್ತದೆ.

ತಪ್ಪಿಸಿಕೊಳ್ಳುವುದು ಯಾವಾಗಲೂ ಇಷ್ಟು ಬಯಲಾಗಿ ಕಾಣುವುದಿಲ್ಲ. ಬಾಗಿಲ ಪಕ್ಕದ ಕುರ್ಚಿಯನ್ನೇ ಹುಡುಕುವುದು, ನೀರಿನ ಬಾಟಲಿ ಇಲ್ಲದೆ ಹೊರಗೆ ಕಾಲಿಡದಿರುವುದು, ಒಂದು ಸಂದೇಶವನ್ನು ಕಳಿಸುವ ಮುಂಚೆ ಹತ್ತು ಸಲ ಓದುವುದು, ಮನೆಯವರನ್ನು "ಏನೂ ಆಗಲ್ಲ ಅಲ್ವಾ?" ಎಂದು ಮತ್ತೆ ಮತ್ತೆ ಕೇಳುವುದು. ಇವೆಲ್ಲ ಊರುಗೋಲುಗಳು. ಇಂದು ನಡೆಸುತ್ತವೆ, ಕಾಲನ್ನು ಮಾತ್ರ ಬಲವಾಗಲು ಬಿಡುವುದಿಲ್ಲ.

ಚಿಂತೆ ಯಾರಿಗಿಲ್ಲ? ಅದು ಕಾಯಿಲೆಯ ಗಡಿ ದಾಟಿದೆಯೇ ಎಂದು ನೋಡಲು ಕಾಲ, ಅಳತೆ, ನಷ್ಟ ಎಂಬ ಮೂರನ್ನು ಗಮನಿಸುತ್ತಾರೆ. ಎಲ್ಲದರ ಬಗ್ಗೆಯೂ ಬಿಡದೆ ಕಾಡುವ ಚಿಂತೆ ಕನಿಷ್ಠ 6 ತಿಂಗಳು, ಇಲ್ಲದ ದಿನಗಳಿಗಿಂತ ಇರುವ ದಿನಗಳೇ ಹೆಚ್ಚಾಗಿ ಉಳಿದಿದ್ದು, ಜೊತೆಗೆ ದಣಿವು, ಸಿಡುಕು, ಮೈಬಿಗಿತ, ನಿದ್ದೆಗೇಡು, ಗಮನ ನಿಲ್ಲದಿರುವುದು ಇಂಥವು ಇದ್ದರೆ ಸಾಮಾನ್ಯೀಕೃತ ಆತಂಕ ಎನ್ನುವ ರೋಗನಿರ್ಣಯವನ್ನು ತಜ್ಞರು ಪರಿಗಣಿಸುತ್ತಾರೆ. ಹಠಾತ್ ಗಾಬರಿ ಬಂದುಹೋದ ಮೇಲೆ ತಿಂಗಳಿಗೂ ಹೆಚ್ಚು ಕಾಲ "ಮತ್ತೆ ಬಂದರೆ?" ಎಂಬ ಭಯವೇ ಆಳುತ್ತಿದ್ದರೆ ಅದು ಪ್ಯಾನಿಕ್ ಕಾಯಿಲೆಯತ್ತ ಬೊಟ್ಟು ಮಾಡುತ್ತದೆ. ಜನರ ಮುಂದೆ ಬರುವ ಭಯ, ಲಿಫ್ಟ್ ಅಥವಾ ಸೂಜಿಯಂಥ ಒಂದೇ ವಸ್ತುವಿನ ಭಯ, ಇವು ಬೇರೆ ಬೇರೆ ಬಗೆಗಳು.

ಆದರೆ ಹೆಸರಿಡುವ ಕೆಲಸ ನಿಮ್ಮದಲ್ಲ. "ನನ್ನದು ಯಾವ ಬಗೆ ಎಂದು ಗೊತ್ತಾದ ಮೇಲೆ ಹೋಗುತ್ತೇನೆ" ಎಂದು ಇದೇ ಹಂತದಲ್ಲಿ ತಿಂಗಳುಗಳನ್ನು ಕಳೆದವರಿದ್ದಾರೆ. ಒಂದು ಸಂಜೆ ಸಾಕು. ಮುಂದಿನದಕ್ಕೆ ಹೋಗಿ.

ಹಂತ 2: ಎರಡು ವಾರ ಬರೆಯಿರಿ

ದಿನಕ್ಕೊಮ್ಮೆ, ಐದೇ ನಿಮಿಷ. ಪುಟವನ್ನು ಐದು ಕಂಬಸಾಲುಗಳಾಗಿ ಗೆರೆ ಎಳೆಯಿರಿ: ಯಾವಾಗ, ಏನು ನಡೆಯಿತು, ಮೈಯಲ್ಲಿ ಏನಾಯಿತು, ತಲೆಯಲ್ಲಿ ಏನು ಓಡಿತು, ಆಮೇಲೆ ಏನು ಮಾಡಿದೆ. ಹೀಗಿರಬಹುದು: "ಮಂಗಳವಾರ ಬೆಳಿಗ್ಗೆ 11. ಮೇಲಧಿಕಾರಿ 'ಮಾತಾಡಬೇಕು' ಎಂದು ಸಂದೇಶ ಕಳಿಸಿದರು. ಹೊಟ್ಟೆ ಹಿಂಡಿತು, ಕೈ ತಣ್ಣಗಾಯಿತು. ಕೆಲಸದಿಂದ ತೆಗೆಯುತ್ತಾರೆ ಎನ್ನಿಸಿತು. ಒಂದು ಗಂಟೆ ಉತ್ತರಿಸಲಿಲ್ಲ."

ಕೊನೆಯ ಕಂಬಸಾಲನ್ನು ಖಾಲಿ ಬಿಡಬೇಡಿ. ಜನ ಭಾವನೆಗಳನ್ನು ಪುಟಗಟ್ಟಲೆ ಬರೆಯುತ್ತಾರೆ, ತಾವು ಮಾಡಿದ್ದನ್ನು ಬರೆಯುವುದಿಲ್ಲ. ಥೆರಪಿಸ್ಟ್‌ಗೆ ಹೆಚ್ಚು ಉಪಯೋಗಕ್ಕೆ ಬರುವುದು ಆ "ಒಂದು ಗಂಟೆ ಉತ್ತರಿಸಲಿಲ್ಲ" ಎನ್ನುವ ಸಾಲೇ.

ಎರಡು ವಾರ ಮುಗಿದ ದಿನ ಇನ್ನೆರಡು ಕೆಲಸ ಮಾಡಿ.

ಒಂದು, ಆತಂಕದ ಮಟ್ಟ ಅಳೆಯುವ ಜಿಎಡಿ-7 ಎಂಬ ಪ್ರಶ್ನಾವಳಿ ತುಂಬಿ. ಅದರಲ್ಲಿ 7 ಪ್ರಶ್ನೆಗಳಿವೆ, ಕಳೆದ 2 ವಾರಗಳ ಬಗ್ಗೆ ಕೇಳುತ್ತದೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ. ಒಟ್ಟು 5 ಅಥವಾ ಹೆಚ್ಚಾದರೆ ಸೌಮ್ಯ, 10ಕ್ಕೆ ಮಧ್ಯಮ, 15ಕ್ಕೆ ತೀವ್ರ ಎಂದು ಓದುತ್ತಾರೆ. 10 ಮತ್ತು ಮೇಲಿದ್ದರೆ ತಜ್ಞರನ್ನು ಕಾಣುವುದು ಒಳ್ಳೆಯದು. ಇದು ಜರಡಿ ಮಾತ್ರ, ತೀರ್ಪಲ್ಲ. 7 ಬಂದರೂ ಬದುಕು ನಿಂತುಹೋಗಿದ್ದರೆ ಹೋಗಿ.

ಎರಡು, ಕೈಬಿಟ್ಟ ಕೆಲಸಗಳ ಪಟ್ಟಿ ಮಾಡಿ. ಕಳೆದ ಒಂದು ವರ್ಷದಲ್ಲಿ ಆತಂಕದ ಕಾರಣಕ್ಕೆ ಮಾಡುವುದನ್ನೇ ನಿಲ್ಲಿಸಿದ, ಮುಂದೂಡಿದ, ಬೇರೆಯವರಿಗೆ ದಾಟಿಸಿದ ಕೆಲಸಗಳೆಲ್ಲ ಇಲ್ಲಿರಲಿ. ಇಡೀ ತಯಾರಿಯಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ ಎನ್ನುತ್ತೇನೆ. "ಎಷ್ಟು ಭಯ?" ಎಂದರೆ ಉತ್ತರ ದಿನಕ್ಕೊಂದು ಬಗೆ. "ಏನೇನು ಬಿಟ್ಟಿದ್ದೀರಿ?" ಎಂದರೆ ಉತ್ತರ ಕದಲುವುದಿಲ್ಲ. ಬರೆಯುತ್ತಾ ಹೋದಂತೆ ಪಟ್ಟಿ ಅಂದುಕೊಂಡದ್ದಕ್ಕಿಂತ ಉದ್ದವಾಗುತ್ತದೆ. ಅದು ಮನಸ್ಸಿಗೆ ನಾಟುತ್ತದೆ, ನಾಟಲಿ.

*ಎಚ್ಚರ:* ಬರೆಯುವುದೇ ಚಿಂತೆಯ ಹೊಸ ಚಟವಾಗುತ್ತಿದ್ದರೆ, ದಿನಕ್ಕೆ ಇಪ್ಪತ್ತು ಸಲ ನಾಡಿ ಎಣಿಸಿ ದಾಖಲಿಸುತ್ತಿದ್ದರೆ, ನಾಲ್ಕು ದಿನಕ್ಕೇ ನಿಲ್ಲಿಸಿ. ಇರುವಷ್ಟು ಸಾಕು.

ಹಂತ 3: ಮೈಯ ಕಾರಣಗಳನ್ನು ಒಮ್ಮೆ, ಒಂದೇ ಸಲ ನೋಡಿಸಿ

ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೆ ಎದೆಬಡಿತ, ನಡುಕ, ಬೆವರು, ನಿದ್ದೆಗೇಡು ಎಲ್ಲ ಬರುತ್ತವೆ. ರಕ್ತಹೀನತೆ, ಹೃದಯದ ಲಯ ತಪ್ಪುವುದು, ರಕ್ತದ ಸಕ್ಕರೆ ಇಳಿಯುವುದು ಕೂಡ ಆತಂಕದ ವೇಷ ಹಾಕುತ್ತವೆ. ಆಸ್ತಮಾದ ಸಾಲ್ಬುಟಮಾಲ್ ಇನ್ಹೇಲರ್, ಸ್ಟೆರಾಯ್ಡ್, ಮೂಗು ಕಟ್ಟಿದ್ದನ್ನು ಬಿಡಿಸುವ ಕೆಲವು ಮಾತ್ರೆಗಳು ಎದೆ ಹೊಡೆದುಕೊಳ್ಳುವಂತೆ ಮಾಡಬಲ್ಲವು. ಕೆಫೀನ್ ಅಂತೂ ಇದ್ದೇ ಇದೆ. ಕುಡಿತದ ಮರುದಿನ ಬೆಳಗಿನ ಕಳವಳಕ್ಕೆ ಮದ್ಯವೇ ಕಾರಣ, ಆದರೆ ಆ ಕಳವಳಕ್ಕೆ ಮದ್ದೆಂದು ಜನ ಮತ್ತೆ ಕುಡಿಯುತ್ತಾರೆ.

ಸಾಮಾನ್ಯ ವೈದ್ಯರ ಬಳಿ ಔಷಧಿ ಪಟ್ಟಿ ತೋರಿಸಿ, ಥೈರಾಯ್ಡ್ ಮತ್ತು ರಕ್ತದ ಪರೀಕ್ಷೆ ಬೇಕೇ, ಇಸಿಜಿ ಬೇಕೇ ಎಂದು ಕೇಳಿ. ಅವರು ಎಲ್ಲ ಸರಿಯಿದೆ ಎಂದ ಮೇಲೆ ಅಲ್ಲಿಗೆ ನಿಲ್ಲಿಸಿ. ಹೊಸ ಲಕ್ಷಣವೇ ಇಲ್ಲದೆ ಐದನೇ ಇಸಿಜಿ, ಮೂರನೇ ವೈದ್ಯರು ಎಂದು ತಿರುಗುವುದು ತಪಾಸಣೆಯ ಹೆಸರಿನ ಇನ್ನೊಂದು ಊರುಗೋಲು. ವರದಿ ಬಂದ ದಿನ ನೆಮ್ಮದಿ, ಮೂರನೇ ದಿನ "ಸರಿಯಾಗಿ ನೋಡಿದರೋ ಇಲ್ಲವೋ" ಎಂಬ ಅನುಮಾನ. ಈ ಚಕ್ರ ನಿಮ್ಮಲ್ಲಿದ್ದರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಹಂತ 4: ಯಾರ ಬಳಿ ಹೋಗಬೇಕು ಎಂದು ತೀರ್ಮಾನಿಸಿ

ಮನೋವೈದ್ಯರು ವೈದ್ಯಕೀಯ ಓದಿದವರು, ರೋಗನಿರ್ಣಯ ಮಾಡಿ ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮನಶ್ಶಾಸ್ತ್ರದಲ್ಲಿ ಉನ್ನತ ತರಬೇತಿ ಪಡೆದು ಮೌಲ್ಯಮಾಪನ, ಮಾತಿನ ಚಿಕಿತ್ಸೆ ನಡೆಸುತ್ತಾರೆ. ಆಪ್ತಸಮಾಲೋಚಕರ ತರಬೇತಿ ಒಬ್ಬರಿಂದೊಬ್ಬರಿಗೆ ಬಹಳ ಬೇರೆಯಿರುತ್ತದೆ, ಕೇಳಿಯೇ ತಿಳಿಯಬೇಕು. "ಥೆರಪಿಸ್ಟ್" ಎಂಬ ಫಲಕ ಅನೇಕ ಕಡೆ ಯಾರು ಬೇಕಾದರೂ ಹಾಕಿಕೊಳ್ಳಬಹುದಾದದ್ದು. ಫಲಕ ನಂಬಬೇಡಿ, ಪದವಿ ಮತ್ತು ನೋಂದಣಿ ನೋಡಿ.

ಕೆಲಸಕ್ಕೆ ಹೋಗಲೂ ಆಗದಷ್ಟು ತೀವ್ರವಾಗಿದ್ದರೆ, ಜೊತೆಗೆ ಖಿನ್ನತೆಯೂ ಇದ್ದರೆ ಮನೋವೈದ್ಯರಿಂದ ಶುರು ಮಾಡಿ. ಬದುಕು ಕುಂಟುತ್ತಲಾದರೂ ಸಾಗುತ್ತಿದ್ದರೆ ಮಾತಿನ ಚಿಕಿತ್ಸೆಯಿಂದ ಶುರು ಮಾಡಬಹುದು. ಇಬ್ಬರಲ್ಲಿ ಯಾರು ಎಂದು ತೋಚದಿದ್ದರೆ ಯಾರ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೋ ಅವರಲ್ಲಿಗೆ ಹೋಗಿ. ಸರಿಯಾದವರಾದರೆ ಅಗತ್ಯ ಕಂಡಾಗ ಇನ್ನೊಬ್ಬರತ್ತ ಕಳಿಸುತ್ತಾರೆ.

ಹೆಸರುಗಳು ಸಿಕ್ಕ ಮೇಲೆ ಮೂರು ಪ್ರಶ್ನೆ ಕೇಳಿ: ನಿಮ್ಮ ಪದವಿ ಮತ್ತು ನೋಂದಣಿ ಏನು? ಆತಂಕದವರನ್ನು ಎಷ್ಟು ನೋಡುತ್ತೀರಿ, ಯಾವ ವಿಧಾನ ಬಳಸುತ್ತೀರಿ? ಒಂದು ಸೆಷನ್ ಎಷ್ಟು ಹೊತ್ತು, ಶುಲ್ಕ ಎಷ್ಟು? ಇವುಗಳಿಗೆ ಸಿಡಿಮಿಡಿಗೊಳ್ಳುವವರನ್ನು ಪಟ್ಟಿಯಿಂದ ಹೊಡೆದುಹಾಕಿ. ವಿಧಾನಗಳಲ್ಲಿ ಆತಂಕಕ್ಕೆ ಹೆಚ್ಚು ಪರೀಕ್ಷೆಗೊಳಗಾಗಿ ನಿಂತಿರುವುದು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಬದಲಿಸುವ ಮಾತಿನ ಚಿಕಿತ್ಸೆ. ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಎಕ್ಸ್‌ಪೋಷರ್ ಅದರ ಜೀವಾಳ.

ಆಯ್ಕೆಯನ್ನು ಮೂರು ಹೆಸರಿಗೆ ಸೀಮಿತಗೊಳಿಸಿ. ನಲವತ್ತು ಜನರ ವಿವರ ಓದಿ "ಇನ್ನೂ ಸರಿಯಾದವರು ಸಿಗಲಿಲ್ಲ" ಎನ್ನುವುದು ಹುಡುಕಾಟವಲ್ಲ, ಹಂತ 1ರಲ್ಲಿ ಹೇಳಿದ ತಪ್ಪಿಸಿಕೊಳ್ಳುವಿಕೆಯೇ.

ಹಂತ 5: ಅಪಾಯಿಂಟ್‌ಮೆಂಟ್ ಪಡೆಯಿರಿ

ಹೆಚ್ಚಿನವರು ನಿಂತುಬಿಡುವುದು ಇಲ್ಲಿಯೇ. ಹಾಗಾಗಿ ಮಾತನ್ನು ಮೊದಲೇ ಬರೆದಿಟ್ಟುಕೊಂಡು ಓದಿ: "ನಮಸ್ಕಾರ, ಆತಂಕದ ವಿಷಯಕ್ಕೆ ಅಪಾಯಿಂಟ್‌ಮೆಂಟ್ ಬೇಕಿತ್ತು. ಇದು ಮೊದಲ ಸಲ. ಹತ್ತಿರದ ದಿನಾಂಕ ಯಾವುದಿದೆ?" ಇಷ್ಟೇ. ಫೋನ್ ಎತ್ತುವವರಿಗೆ ನಿಮ್ಮ ಕತೆ ಹೇಳಬೇಕಾಗಿಲ್ಲ, ಅವರು ಕೇಳುವುದೂ ಇಲ್ಲ.

ಕರೆ ಮಾಡುವುದೇ ಆಗದಿದ್ದರೆ ಸಂದೇಶ ಕಳಿಸಿ, ಆನ್‌ಲೈನ್‌ನಲ್ಲಿ ಬುಕ್ ಮಾಡಿ. ಅದೂ ಆಗದಿದ್ದರೆ ನಂಬಿಕಸ್ಥರೊಬ್ಬರು ನಿಮ್ಮ ಪಕ್ಕದಲ್ಲಿ ಕೂತು ಕರೆ ಮಾಡಲಿ. ಇದರಲ್ಲಿ ಅವಮಾನವೇನಿಲ್ಲ. ಆದರೆ ದಿನಾಂಕಕ್ಕೆ ಹೂಂ ಅನ್ನುವವರು ನೀವೇ ಆಗಿರಿ.

ತಿಂಗಳಾಚೆಯ ದಿನಾಂಕ ಸಿಕ್ಕರೂ ತೆಗೆದುಕೊಳ್ಳಿ, "ಯಾರಾದರೂ ರದ್ದು ಮಾಡಿದರೆ ತಿಳಿಸಿ" ಎಂದು ಹೇಳಿಡಿ. ಮನೆಯಲ್ಲಿ ಏಕಾಂತ ಸಿಗುವುದಾದರೆ ವಿಡಿಯೋ ಸೆಷನ್ ಕೂಡ ಸರಿಯೇ. ಹೊರಗೆ ಕಾಲಿಡುವುದೇ ಭಯವಾಗಿರುವವರು ಮಾತ್ರ ಎಂದೆಂದಿಗೂ ವಿಡಿಯೋದಲ್ಲೇ ಉಳಿಯಬಾರದು.

ಈಗ ಒಂದು ನಿಯಮ ಬರೆದು ಕ್ಯಾಲೆಂಡರ್ ಪಕ್ಕದಲ್ಲಿ ಅಂಟಿಸಿ: *ಚೆನ್ನಾಗಿರುವ ದಿನ ರದ್ದು ಮಾಡುವುದಿಲ್ಲ.* ಆತಂಕ ಏರಿಳಿಯುತ್ತದೆ. ಕೆಟ್ಟ ದಿನ ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ನಡುವೆ ಒಂದು ಒಳ್ಳೆಯ ವಾರ ಬಂದಾಗ "ಈಗ ಪರವಾಗಿಲ್ಲವಲ್ಲ" ಎಂದು ರದ್ದು ಮಾಡಿ, ಮುಂದಿನ ಕೆಟ್ಟ ವಾರದಲ್ಲಿ ಮತ್ತೆ ಸರದಿಯ ಕೊನೆಗೆ ನಿಲ್ಲುವವರು ಎಷ್ಟೋ. ಹಿಂದಿನ ರಾತ್ರಿ ಹೊಟ್ಟೆ ಕೆಡುವುದು, ತಲೆನೋವು ಬರುವುದು ಮಾಮೂಲು. ಜ್ವರ ಇಲ್ಲದಿದ್ದರೆ ಹೋಗಿ.

ಹಂತ 6: ಎಲ್ಲವನ್ನೂ ಒಂದು ಪುಟಕ್ಕೆ ಇಳಿಸಿ

ನೋಟ್‌ಬುಕ್ ಇಡಿಯಾಗಿ ಕೊಡಬೇಡಿ, ಓದಲು ಸಮಯವಿರುವುದಿಲ್ಲ. ಒಂದೇ ಪುಟದಲ್ಲಿ ಬರೆಯಿರಿ: ಯಾವಾಗಿನಿಂದ ಶುರು, ಅತಿ ಕೆಟ್ಟ ಒಂದು ಪ್ರಸಂಗ (ನಾಲ್ಕು ಸಾಲಿನಲ್ಲಿ), ಕೈಬಿಟ್ಟ ಕೆಲಸಗಳಲ್ಲಿ ಮುಖ್ಯವಾದ ಐದು, ಜಿಎಡಿ-7 ಅಂಕ, ಔಷಧಿ, ಮದ್ಯ, ತಂಬಾಕು, ಕೆಫೀನ್, ಮನೆಯಲ್ಲಿ ಬೇರೆಯವರಿಗೆ ಇಂಥದ್ದು ಇತ್ತೇ, ಹಿಂದೆ ಚಿಕಿತ್ಸೆ ಪಡೆದಿದ್ದರೆ ಏನಾಯಿತು.

ಕೊನೆಯಲ್ಲಿ ಒಂದು ಸಾಲು: ಆರು ತಿಂಗಳ ನಂತರ ಏನು ಮಾಡಲು ಸಾಧ್ಯವಾಗಬೇಕು? "ನೆಮ್ಮದಿಯಾಗಿರಬೇಕು" ಎಂದು ಬರೆದರೆ ಅದನ್ನು ಅಳೆಯಲು ಯಾರಿಂದಲೂ ಆಗುವುದಿಲ್ಲ. "ಬಸ್ಸಿನಲ್ಲಿ ಒಬ್ಬಳೇ ತಂಗಿಯ ಮನೆಗೆ ಹೋಗಬೇಕು" ಎಂದು ಬರೆಯಿರಿ.

ಹಂತ 7: ಮೊದಲ ಸೆಷನ್

ಸಾಮಾನ್ಯವಾಗಿ 45ರಿಂದ 60 ನಿಮಿಷ. ಬಹುಪಾಲು ಅವರು ಕೇಳುತ್ತಾರೆ, ನೀವು ಹೇಳುತ್ತೀರಿ. ಚಿಕಿತ್ಸೆ ಅಂದೇ ಶುರುವಾಗುತ್ತದೆ ಎಂದು ಎಣಿಸಿ ಹೋದವರಿಗೆ ನಿರಾಶೆಯಾಗುತ್ತದೆ.

ಕೂತ ಕೂಡಲೇ ಪುಟವನ್ನು ಕೈಗೆ ಕೊಟ್ಟುಬಿಡಿ. "ಮಾತಲ್ಲಿ ಹೇಳೋಕೆ ಕಷ್ಟ, ಬರ್ಕೊಂಡ್ ಬಂದಿದೀನಿ" ಎಂದರೆ ಮುಗಿಯಿತು. ನಾನು ಮೊದಲ ಸಲ ಹೋದಾಗ ಬರೀ ಕೈಯಲ್ಲಿ ಹೋಗಿದ್ದೆ. ಮುಕ್ಕಾಲು ಗಂಟೆ ನಿದ್ದೆಯ ಬಗ್ಗೆಯೇ ಮಾತಾಡಿ, ನಗುನಗುತ್ತಾ ಎದ್ದು ಬಂದೆ. ಮೆಟ್ಟಿಲಿಳಿಯುವಾಗ ಮತ್ತೆ ಎದೆ ಹೊಡೆದುಕೊಳ್ಳಲು ಶುರುವಾಯಿತು, ಆ ವಿಷಯವನ್ನೇ ಹೇಳಿರಲಿಲ್ಲ. ಆತಂಕ ಇರುವವರು ಎದುರಿನವರ ಮುಂದೆ ಚೆನ್ನಾಗಿ ಕಾಣಿಸಿಕೊಳ್ಳುವುದರಲ್ಲಿ ಪಳಗಿರುತ್ತಾರೆ. ಪುಟ ಇರುವುದು ಆ ಅಭ್ಯಾಸಕ್ಕೆ ಅಡ್ಡ ನಿಲ್ಲಲು.

ಗೋಪ್ಯತೆಯ ಬಗ್ಗೆ ಮೊದಲೇ ಕೇಳಿ. ನೀವು ಹೇಳಿದ್ದು ಅಲ್ಲೇ ಉಳಿಯುತ್ತದೆ, ಆದರೆ ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದ್ದಾಗ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿರುವುದು ತಿಳಿದಾಗ, ನ್ಯಾಯಾಲಯ ಕೇಳಿದಾಗ ಅದಕ್ಕೆ ಮಿತಿ ಇರುತ್ತದೆ. ಮನೆಯವರಿಗೆ ಏನು ತಿಳಿಸುತ್ತಾರೆ, ಏನು ತಿಳಿಸುವುದಿಲ್ಲ ಎಂದೂ ಕೇಳಿಕೊಳ್ಳಿ.

ಮದ್ಯ, ಮಾದಕ ವಸ್ತು, ಸಾವಿನ ಯೋಚನೆ, ಹಿಂದೆ ನಡೆದ ಹಿಂಸೆ, ಇವನ್ನು ಜನ ಮುಚ್ಚಿಡುತ್ತಾರೆ. ಎಲ್ಲವನ್ನೂ ಅಂದೇ ಬಿಚ್ಚಿಡಬೇಕೆಂದಿಲ್ಲ. "ಇನ್ನೊಂದು ವಿಷಯ ಇದೆ, ಇವತ್ತು ಹೇಳಲು ಆಗುತ್ತಿಲ್ಲ" ಎಂದರೂ ಬಾಗಿಲು ತೆರೆದಂತೆ. ಸಾವಿನ ಯೋಚನೆಯೊಂದನ್ನು ಮಾತ್ರ ಮುಂದೂಡಬೇಡಿ.

ಏಳುವ ಮುನ್ನ ಕೇಳಿ: ನನಗೆ ಏನಾಗಿದೆ ಎಂದು ನಿಮಗೆ ಅನ್ನಿಸುತ್ತದೆ? ಮುಂದೆ ಏನು ಮಾಡುತ್ತೇವೆ? ಎಷ್ಟು ಸೆಷನ್ ಬೇಕಾಗಬಹುದು? ಮನೆಗೆ ಬಂದ ಮೇಲೆ ಮೈಯೆಲ್ಲ ದಣಿದಂತಾಗಿ, "ಜಾಸ್ತಿ ಹೇಳಿಬಿಟ್ಟೆನೇನೋ" ಎಂಬ ಹಳಹಳಿ ಕಾಡುತ್ತದೆ. ಎರಡು ದಿನ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ. ಎರಡನೇ ಅಪಾಯಿಂಟ್‌ಮೆಂಟನ್ನು ಅಲ್ಲಿಂದ ಹೊರಡುವ ಮೊದಲೇ ಪಡೆದಿರಬೇಕು ಎನ್ನುವುದು ಇದಕ್ಕೇ.

ಹಂತ 8: ಸೆಷನ್‌ಗಳ ನಡುವಿನ ಕೆಲಸ

ವಾರದಲ್ಲಿ 168 ಗಂಟೆ. ಥೆರಪಿಸ್ಟ್ ಎದುರು ಕೂರುವುದು ಅದರಲ್ಲಿ ಒಂದು ಗಂಟೆ. ಗುಣವಾಗುವುದು ಉಳಿದ ಗಂಟೆಗಳಲ್ಲಿ ನೀವು ಮಾಡುವ ಮನೆಗೆಲಸದಿಂದ. "ಮಾತಾಡಿ ಹಗುರಾದೆ" ಎಂದು ಪ್ರತಿ ವಾರ ಹೋಗಿಬರುತ್ತಾ ಮನೆಗೆಲಸ ಮುಟ್ಟದವರು ಬಹಳ ಕಾಲ ಅಲ್ಲೇ ಸುತ್ತುತ್ತಿರುತ್ತಾರೆ.

ಎಕ್ಸ್‌ಪೋಷರ್ ಹೀಗೆ ನಡೆಯುತ್ತದೆ. ಕೈಬಿಟ್ಟ ಕೆಲಸಗಳ ಪಟ್ಟಿಯಿಂದ ಒಂದನ್ನು ಆರಿಸಿ, ಅದನ್ನು ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮೆಟ್ಟಿಲಿಗೂ 0ಯಿಂದ 100ರವರೆಗೆ ಭಯದ ಅಂಕ ಕೊಡುತ್ತೀರಿ. ಲಿಫ್ಟ್ ಭಯವಿದ್ದರೆ: ಲಿಫ್ಟ್ ಮುಂದೆ ನಿಂತು ಬಾಗಿಲು ತೆರೆದು ಮುಚ್ಚುವುದನ್ನು ನೋಡುವುದು, 25. ಬಾಗಿಲು ತೆರೆದಿಟ್ಟುಕೊಂಡು ಒಳಗೆ ನಿಲ್ಲುವುದು, 40. ಜೊತೆಗಾರರೊಂದಿಗೆ ಒಂದು ಮಹಡಿ, 55. ಒಬ್ಬರೇ ಒಂದು ಮಹಡಿ, 75. ಒಬ್ಬರೇ ಕೊನೆಯ ಮಹಡಿಯವರೆಗೆ, ಫೋನ್ ಕೈಯಲ್ಲಿಲ್ಲದೆ, 95. ಕೆಳಗಿನದರಿಂದ ಶುರು. ಹೋಗುವ ಮುನ್ನ "ಏನಾಗುತ್ತದೆ ಎಂದು ಹೆದರಿದ್ದೇನೆ?" ಎಂದು ಬರೆಯಿರಿ, ಬಂದ ಮೇಲೆ "ನಿಜಕ್ಕೂ ಏನಾಯಿತು?" ಎಂದು ಬರೆಯಿರಿ. ಈ ಎರಡು ಸಾಲುಗಳ ಅಂತರವೇ ಮೆದುಳಿಗೆ ಹೊಸ ಪಾಠ.

ಇಲ್ಲಿ ಆಗುವ ತಪ್ಪುಗಳು ಗೊತ್ತಿರಲಿ. ಭಯ ಏರುತ್ತಿರುವಾಗಲೇ ಹೊರಗೋಡಿ ಬರುವುದು ಮೊದಲನೆಯದು. ಹಂತ 1ರಲ್ಲಿ ಹೇಳಿದಂತೆ ಅದು ತಾನಾಗಿಯೇ ಇಳಿಯುತ್ತದೆ, ಆದರೆ ಇಳಿಯುವುದನ್ನು ನೋಡಲು ನೀವು ಅಲ್ಲಿರಬೇಕು. ಒಮ್ಮೆ ಮಾಡಿ "ಆಯಿತು" ಎಂದುಕೊಳ್ಳುವುದು ಇನ್ನೊಂದು. ಒಂದೇ ಮೆಟ್ಟಿಲನ್ನು ಬೇರೆ ಬೇರೆ ದಿನ, ಬೇರೆ ಬೇರೆ ಕಡೆ ಮತ್ತೆ ಮತ್ತೆ ಹತ್ತಬೇಕು. ಹಠಕ್ಕೆ ಬಿದ್ದು 25ರಿಂದ 95ಕ್ಕೆ ಹಾರುವವರೂ ಇದ್ದಾರೆ. ಹಿಂದಿನ ಆಘಾತದಿಂದ ಬಂದ ಭಯವಾಗಿದ್ದರೆ, ಮೈಮೇಲೆ ಆದ ಹಿಂಸೆಯ ನೆನಪುಗಳಿದ್ದರೆ ಈ ಮೆಟ್ಟಿಲುಗಳನ್ನು ನೀವೇ ಕಟ್ಟಿಕೊಳ್ಳಲು ಹೋಗಬೇಡಿ, ಥೆರಪಿಸ್ಟ್ ಜೊತೆಯೇ ಹತ್ತಿ.

ಉಸಿರಾಟದ ಅಭ್ಯಾಸವನ್ನು ಎಲ್ಲರೂ ಹೇಳಿಕೊಡುತ್ತಾರೆ: ಮೂಗಿನಿಂದ ನಿಧಾನ ಒಳಗೆ, ಅದಕ್ಕಿಂತ ದೀರ್ಘವಾಗಿ ಹೊರಗೆ, ಐದು ನಿಮಿಷ. ಒಳ್ಳೆಯದೇ. ದಿನವೂ ಆರಾಮವಾಗಿರುವಾಗ ಮಾಡಿ ರೂಢಿಸಿಕೊಳ್ಳಿ. ಆದರೆ "ಉಸಿರಾಟ ಸರಿಯಾಗಿ ಮಾಡದಿದ್ದರೆ ಅನಾಹುತವಾಗುತ್ತದೆ" ಎನ್ನುವ ಮಟ್ಟಕ್ಕೆ ಹೋದರೆ ಅದೂ ನೀರಿನ ಬಾಟಲಿಯ ಸಾಲಿಗೆ ಸೇರುತ್ತದೆ.

ಮನೆಯವರಿಗೂ ಒಂದು ಕೆಲಸವಿದೆ. "ಏನೂ ಆಗಲ್ಲ ಅಲ್ವಾ?" ಎಂದು ನೀವು ಕೇಳಿದಾಗ ಅವರು ಹತ್ತು ಸಲ "ಇಲ್ಲ, ಇಲ್ಲ" ಎನ್ನುವ ಬದಲು "ಹೆದರಿಕೆ ಆಗ್ತಿದೆ ಅಂತ ಗೊತ್ತು, ನಾನಿಲ್ಲೇ ಇದ್ದೀನಿ" ಎಂದು ಒಮ್ಮೆ ಹೇಳಿ ನಿಲ್ಲಿಸಲಿ. ಇದನ್ನು ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಕಲ್ಲುಮನಸ್ಸಿನವರು ಎಂದು ಅವರ ಮೇಲೆ ಸಿಟ್ಟು ಬರುತ್ತದೆ.

ಮೊದಲ ಕೆಲವು ವಾರ ಆತಂಕ ಹೆಚ್ಚಾದಂತೆ ಕಾಣಬಹುದು. ತಪ್ಪಿಸಿಕೊಳ್ಳುತ್ತಿದ್ದುದನ್ನು ಎದುರಿಸುತ್ತಿದ್ದೀರಿ, ಆಗದಿರುತ್ತದೆಯೇ? ಮೂರನೇ ಸಲಕ್ಕೆ ಬಿಟ್ಟುಹೋಗುವವರು ಹೋಗುವುದು ಸರಿಯಾಗಿ ಈ ತಿರುವಿನಲ್ಲಿ.

ಹಂತ 9: ಮಾತ್ರೆಯ ಪ್ರಶ್ನೆ

ಮಾತ್ರೆ ಬೇಕೋ ಬೇಡವೋ ಎಂಬುದನ್ನು ಮನೋವೈದ್ಯರೊಂದಿಗೆ ತೀರ್ಮಾನಿಸಿ, ನೆಂಟರೊಂದಿಗಲ್ಲ. ಆತಂಕಕ್ಕೆ ಮೊದಲು ಕೊಡುವುದು ಸಾಮಾನ್ಯವಾಗಿ ಮೆದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಿಗಳು. ಇವುಗಳ ಪರಿಣಾಮ ಕಾಣಲು 2ರಿಂದ 6 ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು, ಚಡಪಡಿಕೆ ಹೆಚ್ಚಾಗುವುದು ಉಂಟು. ಚಿಕ್ಕ ವಯಸ್ಸಿನವರಲ್ಲಿ ಆರಂಭದ ವಾರಗಳಲ್ಲಿ ಸಾವಿನ ಯೋಚನೆ ಬರುತ್ತಿದೆಯೇ ಎಂದು ಗಮನವಿಡಬೇಕು. ಗುಣ ಕಂಡ ಕೂಡಲೇ ಬಿಡುವಂತಿಲ್ಲ, ಒಮ್ಮೆಗೇ ನಿಲ್ಲಿಸುವಂತೆಯೂ ಇಲ್ಲ.

ಆಲ್ಪ್ರಜೋಲಾಮ್, ಕ್ಲೊನಾಜೆಪಾಮ್‌ನಂಥ ಬೆಂಜೊಡಯಾಜೆಪೈನ್‌ಗಳು ಬೇಗ ನೆಮ್ಮದಿ ಕೊಡುತ್ತವೆ, ಅಷ್ಟೇ ಬೇಗ ಅವಲಂಬನೆಗೂ ಎಳೆಯುತ್ತವೆ. ಪಕ್ಕದವರ ಚೀಟಿ ನೋಡಿ ತಂದು ನುಂಗಬೇಡಿ, ಮದ್ಯದ ಜೊತೆಗಂತೂ ಬೇಡವೇ ಬೇಡ. ಉಸಿರು ನಿಲ್ಲುವ ಅಪಾಯವಿದೆ. ಈಗಾಗಲೇ ತಿಂಗಳುಗಳಿಂದ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರು ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ.

ಹಂತ 10: ಐದಾರು ಸೆಷನ್ ಆದ ಮೇಲೆ ಲೆಕ್ಕ ನೋಡಿ

ಆತಂಕಕ್ಕೆ ಸಿಬಿಟಿ ಸಾಮಾನ್ಯವಾಗಿ 12ರಿಂದ 20 ಸೆಷನ್ ಹಿಡಿಯುತ್ತದೆ. ಹಾಗಾಗಿ ಎರಡಕ್ಕೇ ತೀರ್ಪು ಕೊಡಬೇಡಿ, ಇಪ್ಪತ್ತರವರೆಗೆ ಕಣ್ಣುಮುಚ್ಚಿ ಕಾಯಲೂ ಬೇಡಿ. ಐದು ಅಥವಾ ಆರರ ಹೊತ್ತಿಗೆ ಜಿಎಡಿ-7 ಮತ್ತೆ ತುಂಬಿ. ಅದಕ್ಕಿಂತ ಮುಖ್ಯವಾಗಿ, ಕೈಬಿಟ್ಟ ಕೆಲಸಗಳ ಪಟ್ಟಿ ತೆಗೆದು ಯಾವುದಾದರೂ ಒಂದಕ್ಕೆ ವಾಪಸ್ ಹೋಗಿದ್ದೀರಾ ನೋಡಿ. ಅಂಕ ಅಷ್ಟೇ ಇದ್ದು ಎರಡು ಕೆಲಸ ಮರಳಿ ಶುರುವಾಗಿದ್ದರೆ ದಾರಿ ಸರಿಯಿದೆ. ಅಂಕ ಇಳಿದು ಪಟ್ಟಿ ಹಾಗೇ ಇದ್ದರೆ ಸಂಶಯಪಡಿ. ಬಹುಶಃ ಇನ್ನೂ ಚೆನ್ನಾಗಿ ತಪ್ಪಿಸಿಕೊಳ್ಳಲು ಕಲಿತಿದ್ದೀರಿ.

ಏನೂ ಕದಲಿಲ್ಲ ಎನ್ನಿಸಿದರೆ ಕಾಣೆಯಾಗಬೇಡಿ, ಹೇಳಿ: "ಇದು ನನಗೆ ಸರಿಹೊಂದುತ್ತಿಲ್ಲ ಅನ್ನಿಸುತ್ತಿದೆ, ಏನು ಬದಲಾಯಿಸಬಹುದು?" ಇದನ್ನು ಹೇಳಲು ಭಯವಾಗುತ್ತದೆ. ಒಳ್ಳೆಯ ಥೆರಪಿಸ್ಟ್ ಮುಂದೆ ಇದನ್ನು ಹೇಳುವುದೇ ಒಂದು ಮೆಟ್ಟಿಲು, 60 ಅಂಕದ್ದು ಎಂದುಕೊಳ್ಳಿ. ಉತ್ತರ ಸಮಾಧಾನ ತರದಿದ್ದರೆ ಬೇರೆಯವರತ್ತ ಹೋಗಿ, ಆ ಒಂದು ಪುಟ ನಿಮ್ಮ ಬಳಿ ಇದ್ದೇ ಇದೆ.

ಯಾವ ಚರ್ಚೆಯೂ ಇಲ್ಲದೆ ಎದ್ದು ಬರಬೇಕಾದ ಸಂದರ್ಭಗಳು ಬೇರೆ. ಇಷ್ಟು ದಿನದಲ್ಲಿ ಪೂರ್ತಿ ವಾಸಿ ಮಾಡುತ್ತೇನೆ ಎಂದು ಖಾತ್ರಿ ಕೊಡುವುದು, ಮುಟ್ಟುವುದು ಅಥವಾ ಲೈಂಗಿಕ ಮಾತು, ಬೇರೆ ರೋಗಿಗಳ ಗುಟ್ಟು ನಿಮ್ಮೆದುರು ಆಡುವುದು, ವೈದ್ಯರು ಕೊಟ್ಟ ಔಷಧಿಯನ್ನು ತಾವೇ ನಿಲ್ಲಿಸಲು ಹೇಳುವುದು, ನಿಮ್ಮ ಜಾತಿ, ಧರ್ಮ, ಮದುವೆ, ಲೈಂಗಿಕತೆಯ ಬಗ್ಗೆ ಹೀಯಾಳಿಸುವುದು. ಅವರ ನೋಂದಣಿ ಮಂಡಳಿಗೆ ದೂರು ಕೊಡುವ ಹಕ್ಕು ನಿಮಗಿದೆ.

ಹಂತ 11: ನಿಲ್ಲಿಸುವ ಮುನ್ನ

ಸೆಷನ್‌ಗಳನ್ನು ಒಮ್ಮೆಗೇ ನಿಲ್ಲಿಸದೆ ಎರಡು ವಾರಕ್ಕೊಂದು, ತಿಂಗಳಿಗೊಂದು ಎಂದು ಹಿಗ್ಗಿಸಿ. ಕೊನೆಯ ಸೆಷನ್‌ನಲ್ಲಿ ಥೆರಪಿಸ್ಟ್ ಜೊತೆ ಕೂತು ಇನ್ನೊಂದು ಪುಟ ಬರೆಯಿರಿ: ಆತಂಕ ಮರಳುತ್ತಿದೆ ಎಂಬುದಕ್ಕೆ ನನ್ನಲ್ಲಿ ಕಾಣುವ ಮೊದಲ ಮೂರು ಗುರುತುಗಳು, ಆಗ ಯಾವ ಮೆಟ್ಟಿಲಿನಿಂದ ಮತ್ತೆ ಹತ್ತಬೇಕು, ಎಷ್ಟು ವಾರ ಕಾದು ಯಾರಿಗೆ ಕರೆ ಮಾಡಬೇಕು. ಮೊದಲ ಗುರುತು ಹೆಚ್ಚಿನವರಲ್ಲಿ ಎದೆಬಡಿತವಾಗಿರುವುದಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಮತ್ತೆ ಕೂರಲು ಶುರು ಮಾಡಿರುತ್ತೀರಿ. ಈ ಪುಟವನ್ನು ಹಳೆಯ ನೋಟ್‌ಬುಕ್ಕಿಗೆ ಅಂಟಿಸಿ, ಕಣ್ಣಿಗೆ ಬೀಳುವ ಕಡೆ ಇಡಿ.